ಅಮೆರಿಕದ ಕೌಂಟಿ ಕೋರ್ಟ್‌ಹೌಸ್: ಊರ ನಟ್ಟನಡುವೆ ಯಾಕೆ, ಕೋರ್ಟ್ ಹಾಲ್ ಮಹಡಿ ಮೇಲೆ ಯಾಕೆ?

ಚೌಕಾಬಾರ:

ಅಮೆರಿಕದ ಸಣ್ಣ ಊರುಗಳ ಹಳೇ ಫೋಟೋ, ನಕ್ಷೆ ತೆಗೆದು ನೋಡಿದರೆ ಎಲ್ಲೆಲ್ಲೂ ಒಂದೇ ಚಿತ್ರ. ಟೆಕ್ಸಾಸ್ ಆಗಲಿ, ಇಂಡಿಯಾನಾ ಆಗಲಿ, ಊರ ನಡುವೆ ಒಂದು ಚೌಕ, ಚೌಕದ ನಡುವೆ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕೋರ್ಟ್‌ಹೌಸ್, ಅದರ ನೆತ್ತಿಯ ಮೇಲೊಂದು ಗಡಿಯಾರದ ಗೋಪುರ, ಸುತ್ತ ನಾಲ್ಕೂ ಕಡೆ ಅಂಗಡಿ ಸಾಲು. ಶೈಲಿಯ ಬಗ್ಗೆ ಓದೋಕೆ ಬೇಕಾದಷ್ಟು ಸಿಗುತ್ತೆ. ರೋಮನೆಸ್ಕ್, ಸೆಕೆಂಡ್ ಎಂಪೈರ್ ಅಂತ ಹೆಸರುಗಳ ಸಾಲು. ಆದರೆ ಕಟ್ಟಡ ಹಾಗೇ ಯಾಕಿದೆ ಅನ್ನೋದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. ಬಲ್ಲವರು ಹೇಳಿ:

1. ಕೋರ್ಟನ್ನು ಪೇಟೆಯ ನಡುವೆ ಕಟ್ಟುವ ಪದ್ಧತಿ ಎಲ್ಲಿಂದ ಬಂತು?
2. ಮುಖ್ಯ ಕೋರ್ಟ್ ಹಾಲ್ ಬಹಳಷ್ಟು ಕಡೆ ಮೇಲ್ಮಹಡಿಯಲ್ಲಿದೆ. ಕುಂಟುವವರು, ಮುದುಕರು ಎಲ್ಲರೂ ಮೆಟ್ಟಿಲು ಹತ್ತಬೇಕು. ಕೆಳಗೇ ಕಟ್ಟೋಕೆ ಏನಾಗಿತ್ತು?
3. ಗೋಪುರ ಬರೀ ಡೌಲಿಗಾ, ಅದರಿಂದ ಏನಾದರೂ ಕೆಲಸ ಇತ್ತಾ?
4. ರಿಪೇರಿ ಆದ ಹತ್ತಿಪ್ಪತ್ತು ವರ್ಷಕ್ಕೇ ಕಲ್ಲಿನ ಮುಖ ಹಪ್ಪಳದ ಹಾಗೆ ಎದ್ದು ಬರೋದು ಯಾಕೆ? ಕಲ್ಲಿನ ದೋಷವಾ, ಕೆಲಸದ ದೋಷವಾ?

ಇಟ್ಟಿಗೆಗೂಡು:

ನಿಮ್ಮ ಮೊದಲ ಪ್ರಶ್ನೆಗೆ ಮುಂಚೆ ಒಂದು ಮಾತು. "ಕೋರ್ಟ್‌ಹೌಸ್" ಅನ್ನೋ ಹೆಸರೇ ದಾರಿ ತಪ್ಪಿಸುತ್ತೆ. 19ನೇ ಶತಮಾನದಲ್ಲಿ ಜಡ್ಜ್ ಊರಿಂದೂರಿಗೆ ಸರ್ಕೀಟು ಹೊಡೆಯುತ್ತಿದ್ದರು, ಒಂದೊಂದು ಕೌಂಟಿಯಲ್ಲಿ ವಿಚಾರಣೆ ನಡೆಯುತ್ತಿದ್ದದ್ದು ವರ್ಷದಲ್ಲಿ ಕೆಲವೇ ವಾರ. ಉಳಿದಷ್ಟು ದಿನ ಅದು ಜಮೀನಿನ ಪತ್ರ ನೋಂದಣಿ, ತೆರಿಗೆ ಕಟ್ಟೋದು, ಮದುವೆ ಲೈಸೆನ್ಸ್, ಉಯಿಲು, ಚುನಾವಣೆ, ಶೆರಿಫ್ ಇವಿಷ್ಟೂ ಒಂದೇ ಸೂರಿನಡಿ ಇರುವ ಕಚೇರಿ. ಜನ ಅಲ್ಲಿಗೆ ಹೋಗುತ್ತಿದ್ದದ್ದು ಬಹುಪಾಲು ಕಾಗದಪತ್ರಕ್ಕೆ, ಕೇಸಿಗಲ್ಲ. ಈ ಒಂದು ಸಂಗತಿ ಮನಸ್ಸಿನಲ್ಲಿದ್ದರೆ ಕಟ್ಟಡದ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತೆ.

ಶುರುವಿನಲ್ಲಿ ಇದು ಊರ ನಡುವೆ ಇರಲೇ ಇಲ್ಲ. ವರ್ಜೀನಿಯಾದಲ್ಲಿ ಹೊಗೆಸೊಪ್ಪಿನ ತೋಟಗಳ ಮಧ್ಯೆ, ನಾಲ್ಕು ದಾರಿ ಕೂಡುವ ಜಾಗದಲ್ಲಿ, ಊರೇ ಇಲ್ಲದ ಕಡೆ ಕಟ್ಟುತ್ತಿದ್ದರು. 1725ರ ಆಸುಪಾಸಿನ ಕಿಂಗ್ ವಿಲಿಯಂ ಕೌಂಟಿಯ ಕೋರ್ಟ್‌ಹೌಸ್ ಹಾಗೇ ಇದೆ: ಇಟ್ಟಿಗೆಯ ಒಂದೇ ಅಂತಸ್ತು, ಮುಂದೆ ಕಮಾನುಗಳ ಮೊಗಸಾಲೆ. ಇಡೀ ದೇಶದಲ್ಲಿ ಬಿಡುವಿಲ್ಲದೆ ಬಳಕೆಯಲ್ಲಿರುವ ಅತಿ ಹಳೇ ಕೋರ್ಟ್‌ಹೌಸ್ ಅಂತ ಅದಕ್ಕೆ ಹೆಸರು. ಕಟ್ಟಡದ ಸುತ್ತ ಆಮೇಲೆ ಹೋಟೆಲು, ಕುದುರೆ ಲಾಯ, ನಾಲ್ಕು ಮನೆ ಹುಟ್ಟಿಕೊಂಡರೆ ಆ ಹಳ್ಳಿಗೇ "ಇಂಥ ಕೋರ್ಟ್‌ಹೌಸ್" ಅಂತ ಹೆಸರು ಬೀಳುತ್ತಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಸೇನಾಪತಿ ಜನರಲ್ ಲೀ 1865ರ ಏಪ್ರಿಲ್ 9ರಂದು ಶರಣಾದದ್ದು "ಆಪೊಮ್ಯಾಟಕ್ಸ್ ಕೋರ್ಟ್‌ಹೌಸ್"ನಲ್ಲಿ ಅಂತಾರಲ್ಲ, ಅದು ಆ ಹಳ್ಳಿಯ ಹೆಸರು. ಶರಣಾಗತಿ ನಡೆದದ್ದು ಮೆಕ್ಲೀನ್ ಅನ್ನುವವರ ಮನೆಯಲ್ಲಿ. ಕೋರ್ಟ್ ಕಟ್ಟಡ 1892ರಲ್ಲಿ ಸುಟ್ಟುಹೋಯಿತು. ಕೌಂಟಿ ಕೇಂದ್ರ ರೈಲ್ವೆ ಸ್ಟೇಷನ್ ಇದ್ದ ಕಡೆಗೆ ಹೋದ ಮೇಲೆ ಹಳ್ಳಿಯೂ ಬಾಡಿತು. ಈಗ ಅಲ್ಲಿ ಕಾಣೋದು 1960ರ ದಶಕದಲ್ಲಿ ಮತ್ತೆ ಕಟ್ಟಿದ್ದು.

ಚೌಕ ಬಂದದ್ದು ಜನ ಪಶ್ಚಿಮಕ್ಕೆ ನುಗ್ಗಿದಾಗ. ಅಲ್ಲಿ ಮೊದಲು ಕೌಂಟಿ ಗಡಿ ಎಳೆದು, ಆಮೇಲೆ ಕೇಂದ್ರದ ಊರಿಗೆ ಹಗ್ಗ ಹಿಡಿದು ಸೈಟು ಅಳೆಯುತ್ತಿದ್ದರು. ಗ್ರಿಡ್‌ನಲ್ಲಿ ಒಂದು ಬ್ಲಾಕ್ ಕೋರ್ಟಿಗೆ ಬಿಟ್ಟು, ಸುತ್ತಲ ಸೈಟು ಮಾರಿ ಬಂದ ದುಡ್ಡಲ್ಲಿ ಕೋರ್ಟ್ ಕಟ್ಟೋದು ವಾಡಿಕೆ. ಭೂಗೋಳಶಾಸ್ತ್ರಜ್ಞ ಎಡ್ವರ್ಡ್ ಪ್ರೈಸ್ 1968ರಲ್ಲಿ ಈ ಚೌಕಗಳನ್ನು ಜಾತಿವಾರು ಬಿಡಿಸಿಟ್ಟರು. ಗುರುತು ಹಿಡಿಯೋದು ಸುಲಭ. ಬೀದಿಗಳು ಚೌಕದ ಮೂಲೆಗಳಲ್ಲಿ ಹಾದುಹೋದರೆ ಶೆಲ್ಬಿವಿಲ್ ಮಾದರಿ. ಟೆನೆಸ್ಸಿಯ ಶೆಲ್ಬಿವಿಲ್ ಊರಿಗೆ 1810ರಲ್ಲಿ ಹಾಕಿದ ನಕ್ಷೆ ಇದು. ಬೀದಿಗಳು ಪ್ರತಿ ಬದಿಯ ನಡುವಿಗೇ ಬಂದು ಕಟ್ಟಡಕ್ಕೆ ಮುಖಾಮುಖಿಯಾಗಿ ನಿಂತರೆ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಮಾದರಿ. ಎರಡೂ ಬೆರೆತಿದ್ದರೆ, ಅಂದರೆ ಕೆಲವು ಬೀದಿ ಮೂಲೆಗೆ, ಕೆಲವು ನಡುವಿಗೆ ಬಂದರೆ, ವರ್ಜೀನಿಯಾದ ಹ್ಯಾರಿಸನ್‌ಬರ್ಗ್ ಮಾದರಿ.

ಲ್ಯಾಂಕಾಸ್ಟರ್ ಮಾದರಿ ನೋಡೋಕೆ ಚೆಂದ, ದೂರದಿಂದಲೇ ಕಟ್ಟಡ ಕಾಣುತ್ತೆ. ಆದರೆ ಗಾಡಿ ಓಡಾಟದ ದಾರಿಗೆ ಅಡ್ಡ. ಲ್ಯಾಂಕಾಸ್ಟರ್ ಊರಿನ ಕೋರ್ಟ್‌ಹೌಸೇ ಈಗ ಚೌಕದಲ್ಲಿಲ್ಲ, ಅಲ್ಲಿ 1874ರ ಸೈನಿಕರ ಸ್ಮಾರಕ ನಿಂತಿದೆ. ಶೆಲ್ಬಿವಿಲ್ ಮಾದರಿಯಲ್ಲಿ ಗಾಡಿ ತನ್ನ ಪಾಡಿಗೆ ಸುತ್ತು ಹಾಕಿ ಹೋಗುತ್ತೆ, ನಾಲ್ಕೂ ಕಡೆ ಅಂಗಡಿಗೆ ಮುಂಭಾಗ ಸಿಗುತ್ತೆ. ಅದಕ್ಕೇ ಅದು ಟೆಕ್ಸಾಸ್‌ವರೆಗೆ ಹಬ್ಬಿತು.

ಇದರ ಪರಿಣಾಮ ಕಟ್ಟಡದ ಮೇಲೆ ನೇರವಾಗಿ ಬಿತ್ತು. ನಾಲ್ಕು ಕಡೆಯೂ ಅಂಗಡಿಯವರು ನೋಡುತ್ತಿದ್ದಾರೆ, ಹಾಗಾಗಿ ಈ ಕಟ್ಟಡಕ್ಕೆ ಬೆನ್ನೇ ಇಲ್ಲ! ಯಾವ ಬದಿಗೂ ಹಿತ್ತಲು ಅನ್ನೋ ಹಾಗಿಲ್ಲ. ನಾಲ್ಕು ಬಾಗಿಲು, ನಾಲ್ಕು ಮುಖ. ಬಾಯ್ಲರ್, ಕಕ್ಕಸು, ಕಲ್ಲಿದ್ದಲು ಎಲ್ಲ ನೆಲಮಾಳಿಗೆಗೆ. ಜೈಲು ಪಕ್ಕದ ಬ್ಲಾಕಿಗೆ.

ಕೋರ್ಟ್ ಎಲ್ಲಿರುತ್ತೋ ಸೈಟಿನ ಬೆಲೆ ಅಲ್ಲಿರುತ್ತೆ, ಹಾಗಾಗಿ ಕೇಂದ್ರಕ್ಕೆ ಊರೂರು ಹೊಡೆದಾಡಿಕೊಂಡವು. ಕಾನ್ಸಾಸಿನ ಗ್ರೇ ಕೌಂಟಿಯಲ್ಲಿ 1889ರ ಜನವರಿ 12ರಂದು ದಾಖಲೆ ಹೊತ್ತೊಯ್ಯೋಕೆ ಬಂದವರಿಗೂ ಸಿಮರಾನ್ ಊರಿನವರಿಗೂ ಗುಂಡಿನ ಚಕಮಕಿಯೇ ಆಯಿತು. ನೆಬ್ರಾಸ್ಕಾದ ಬಾಕ್ಸ್ ಬ್ಯೂಟ್ ಕೌಂಟಿಯವರದು ಇನ್ನೊಂದು ದಾರಿ. 1899ರಲ್ಲಿ ಮರದ ಕೋರ್ಟ್‌ಹೌಸನ್ನು ಇಡಿಯಾಗಿ ರೈಲು ಹಳಿ ಮೇಲೆ ಹೆಮಿಂಗ್‌ಫರ್ಡಿನಿಂದ ಅಲಯನ್ಸ್‌ಗೆ ಎಳೆದುಕೊಂಡು ಹೋದರು.

ಹಳೇಕಡತ:

ಎರಡನೇ ಪ್ರಶ್ನೆ ನನ್ನ ಪಾಲಿಗಿರಲಿ. ಮೂರು ಕಾರಣ, ಮೂರೂ ಮಣ್ಣು-ಕಬ್ಬಿಣದ ಕಾರಣಗಳು. ನ್ಯಾಯದೇವತೆ ಎತ್ತರದಲ್ಲಿರಬೇಕು ಅನ್ನೋ ಭಾವನೆ ಆಮೇಲಿನದು.

ಒಂದು, ಕಂಬ. ಕೋರ್ಟ್ ಹಾಲಿನಲ್ಲಿ ಜಡ್ಜ್ ಪೀಠ, ಸಾಕ್ಷಿಯ ಕಟಕಟೆ, 12 ಜನ ಜ್ಯೂರಿ ಎಲ್ಲ ಒಬ್ಬರಿಗೊಬ್ಬರು ಕಾಣಬೇಕು. ನಡುವೆ ಕಂಬ ಬರುವ ಹಾಗಿಲ್ಲ. ಕೆಳಗೆ ಕಂಬವಿಲ್ಲದ ದೊಡ್ಡ ಹಾಲ್ ಮಾಡಿ ಅದರ ತಲೆ ಮೇಲೆ ಕಚೇರಿ, ಕಡತ ಹೇರೋದು ಆ ಕಾಲದ ತೊಲೆಗಳಿಗೆ ದುಬಾರಿ. ಹಾಲನ್ನು ಮೇಲಿಟ್ಟರೆ ಅದರ ಮೇಲೆ ಛಾವಣಿ ಮಾತ್ರ. ಅಟ್ಟದಲ್ಲಿ ಟ್ರಸ್ (ತ್ರಿಕೋನಗಳ ಚೌಕಟ್ಟು) ಹಾಕಿ ಒಳಮಾಳಿಗೆಯನ್ನು ಅದಕ್ಕೇ ತೂಗುಬಿಟ್ಟರೆ ಮುಗಿಯಿತು. ಕೆಳಗಿನ ಸಣ್ಣಸಣ್ಣ ಕೋಣೆಗಳ ಗೋಡೆಗಳು ಹಾಲಿನ ನೆಲಕ್ಕೆ ಆಸರೆ.

ಎರಡು, ಬೆಂಕಿ. ನೋಂದಣಿ ಪುಸ್ತಕಕ್ಕೆ ನಕಲಿರಲಿಲ್ಲ. ಕೋರ್ಟ್ ಸುಟ್ಟರೆ ಇಡೀ ಕೌಂಟಿಯ ಜಮೀನಿನ ಹಕ್ಕು ಗಾಳಿಗೆ. ಅದಕ್ಕೇ ಕ್ಲರ್ಕ್ ಕೋಣೆಗಳು ಕೆಳಗೆ, ಇಟ್ಟಿಗೆಯ ಕಮಾನು ಮಾಳಿಗೆ ಹಾಕಿ, ಕಬ್ಬಿಣದ ಬಾಗಿಲು, ಕಬ್ಬಿಣದ ಕಿಟಕಿ ಕದ ಇಟ್ಟು. ಇದನ್ನು ಪದ್ಧತಿಯಾಗಿ ಮಾಡಿದ್ದು ರಾಬರ್ಟ್ ಮಿಲ್ಸ್, 1820ರ ದಶಕದ ಸೌತ್ ಕೆರೊಲೈನಾದಲ್ಲಿ. ಅವರ ಕೋರ್ಟ್‌ಹೌಸ್‌ಗಳಲ್ಲಿ ಕೆಳಗೆ ಕಮಾನು ಕಟ್ಟಿದ ಕಚೇರಿ, ಮೇಲೆ ಕೋರ್ಟು. ಚಾರ್ಲ್ಸ್ಟನ್ನಿನಲ್ಲಿ ಬರೀ ದಾಖಲೆಗಂತಲೇ 1822ರಿಂದ 1827ರ ನಡುವೆ ಅವರು ಕಟ್ಟಿಸಿದ ಕಟ್ಟಡಕ್ಕೆ "ಫೈರ್‌ಪ್ರೂಫ್ ಬಿಲ್ಡಿಂಗ್" ಅಂತಲೇ ಹೆಸರು. 1886ರ ಭೂಕಂಪವನ್ನೂ ತಾಳಿಕೊಂಡು ನಿಂತಿದೆ. ವರ್ಜೀನಿಯಾದವರ ಉಪಾಯ ಇನ್ನೂ ಸರಳ: ಕ್ಲರ್ಕ್ ಕಚೇರಿಯನ್ನೇ ಪಕ್ಕದಲ್ಲಿ ಬೇರೆ ಇಟ್ಟಿಗೆ ಕಟ್ಟಡವಾಗಿ ಕಟ್ಟಿಬಿಡೋದು. ವಿಪರ್ಯಾಸ ನೋಡಿ, ಅಂತರ್ಯುದ್ಧದ ಕಾಲದಲ್ಲಿ ಹಲವು ಕೌಂಟಿಗಳು ಸುರಕ್ಷಿತ ಅಂತ ದಾಖಲೆಗಳನ್ನು ರಿಚ್ಮಂಡಿಗೆ ಸಾಗಿಸಿದವು. 1865ರ ಏಪ್ರಿಲ್‌ನಲ್ಲಿ ರಿಚ್ಮಂಡೇ ಹೊತ್ತಿ ಉರಿದು ಅವೂ ಹೋದವು.

ಮೂರು, ಸದ್ದು-ದೂಳು. ಕಿಟಕಿ ತೆರೆದೇ ವಿಚಾರಣೆ ನಡೆಯಬೇಕು, ಕೆಳಗೆ ಗಾಡಿ, ಕುದುರೆ, ಸಂತೆ. ಒಂದು ಮಹಡಿ ಮೇಲಾದರೆ ಸಾಕ್ಷಿ ಹೇಳಿದ್ದು ಕೇಳಿಸುತ್ತೆ.

ಇದರಲ್ಲಿ ಎಡವೋದು ಎಲ್ಲಿ ಅಂದರೆ ನೆಲದ ಹೊರೆಯಲ್ಲಿ. ಇಂದಿನ ಅಮೆರಿಕನ್ ಲೆಕ್ಕದಲ್ಲಿ ನೆಲಕ್ಕೆ ಬಿಗಿದ ಕುರ್ಚಿಗಳಿರುವ ಸಭಾಂಗಣಕ್ಕೆ ಚದರಡಿಗೆ 60 ಪೌಂಡ್, ಜನ ನಿಂತು ನೆರೆಯುವ ಲಾಬಿಗೆ 100, ಪುಸ್ತಕದ ಕಪಾಟಿನ ಸಾಲುಗಳಿಗೆ 150 ಪೌಂಡ್ ಹಿಡಿಯಬೇಕು. ಅಂದರೆ ಕಡತ ಕೋಣೆಯ ನೆಲ ಕೋರ್ಟ್ ಹಾಲಿನ ಎರಡೂವರೆ ಪಟ್ಟು ಹೊರಬೇಕು. ಸರಿಯಾಗಿ ಕಟ್ಟಿದ ಕಡೆ ಕಡತದ ವಾಲ್ಟುಗಳು (ಬೆಂಕಿ ತಾಗದ ಭದ್ರ ಕೋಣೆಗಳು) ತಳಪಾಯದಿಂದ ಒಂದರ ಮೇಲೊಂದು ಪೇರಿಸಿದ ಹಾಗೆ ಇರುತ್ತವೆ. ಎಡವಟ್ಟಾಗೋದು ಕಾಲಾನಂತರ, ಕೆಳಗಿನ ವಾಲ್ಟ್ ತುಂಬಿ ಹಳೇ ಲೆಡ್ಜರುಗಳನ್ನು ಮೇಲಿನ ಮರದ ನೆಲದ ಕೋಣೆಗೆ, ಅಟ್ಟಕ್ಕೆ ಹೊತ್ತು ಹಾಕಿದಾಗ. ಜಂತಿ ಬಾಗಿ, ಕೆಳಗಿನ ಒಳಮಾಳಿಗೆಯ ಗಿಲಾವಿನಲ್ಲಿ ಜಂತಿಯ ಉದ್ದಕ್ಕೂ ಬಿರುಕು ಬರುತ್ತೆ. ಅಂಥ ಬಿರುಕು ಕಂಡರೆ ಪುಟ್ಟಿ ಮೆತ್ತೋಕೆ ಮುಂಚೆ ಮೇಲೇನು ಪೇರಿಸಿದ್ದಾರೆ ಅಂತ ಹತ್ತಿ ನೋಡಬೇಕು.

ಜನರ ಹೊರೆಗೂ ಪ್ರಸಿದ್ಧ ಉದಾಹರಣೆ ಇದೆ. ಟೆನೆಸ್ಸಿಯ ಡೇಟನ್ನಿನಲ್ಲಿರುವ ರೇ ಕೌಂಟಿ ಕೋರ್ಟ್‌ಹೌಸ್, 1891ರದ್ದು. 1925ರ ಜುಲೈನಲ್ಲಿ ಶಾಲೆಯಲ್ಲಿ ವಿಕಾಸವಾದ ಕಲಿಸಿದ ಆರೋಪದ ಮೇಲೆ ಮೇಷ್ಟ್ರು ಸ್ಕೋಪ್ಸ್ ಅವರ ವಿಚಾರಣೆ ನಡೆದದ್ದು ಅಲ್ಲೇ. ಸೆಕೆ ಒಂದು ಕಡೆ, ಕಿಕ್ಕಿರಿದ ಜನರ ಭಾರಕ್ಕೆ ನೆಲ ಕುಸಿದೀತು ಅನ್ನೋ ಭಯ ಇನ್ನೊಂದು ಕಡೆ. ಜಡ್ಜ್ ರಾಲ್ಸ್ಟನ್ ಜುಲೈ 20ರಂದು ಇಡೀ ಕಲಾಪವನ್ನು ಹೊರಗಿನ ಹುಲ್ಲುಹಾಸಿಗೆ ಸಾಗಿಸಿದರು.

ಮೆಟ್ಟಿಲಿನ ಬಗ್ಗೆ ನೀವು ಹೇಳಿದ್ದು ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಟೆನೆಸ್ಸಿಯ ಪೋಕ್ ಕೌಂಟಿಯ ಕೋರ್ಟ್‌ಹೌಸಿನಲ್ಲಿ ಲಿಫ್ಟ್ ಇರಲಿಲ್ಲ. ಗಾಲಿಕುರ್ಚಿಯ ಜಾರ್ಜ್ ಲೇನ್ ತಮ್ಮ ಕೇಸಿಗೆ ಎರಡು ಸಾಲು ಮೆಟ್ಟಿಲು ತೆವಳಿಕೊಂಡು ಹತ್ತಬೇಕಾಯಿತು. 2004ರಲ್ಲಿ ಟೆನೆಸ್ಸಿ ವಿರುದ್ಧ ಲೇನ್ ಪ್ರಕರಣದಲ್ಲಿ 5–4ರ ತೀರ್ಪು ಅವರ ಕಡೆ ಬಂತು. ಹಳೇ ಕಟ್ಟಡಕ್ಕೆ ಲಿಫ್ಟ್ ಕೂರಿಸುವಾಗ ಸಾಮಾನ್ಯವಾಗಿ ಬಲಿಯಾಗೋದು ಖಾಲಿ ವಾಲ್ಟುಗಳ ಸಾಲು. ಕೆಳಗಿಂದ ಮೇಲಿನವರೆಗೆ ನೇರ, ದಪ್ಪ ಗೋಡೆ, ಯಾರಿಗೂ ಕಾಣದ ಜಾಗ. ಲಿಫ್ಟಿಗೆ ಹೇಳಿ ಮಾಡಿಸಿದ ಹಾಗಿರುತ್ತೆ.

ಗಾಳಿಗೋಪುರ:

ಗೋಪುರ ಡೌಲಿಗೂ ಹೌದು, ಆದರೆ ಒಳ್ಳೇ ವಾಸ್ತುಶಿಲ್ಪಿಯ ಕೈಯಲ್ಲಿ ಅದು ಕಟ್ಟಡದ ಮೂಗು.

ಟೆಕ್ಸಾಸಿನ ಜೇಮ್ಸ್ ರೈಲಿ ಗಾರ್ಡನ್ ಅವರ ನಕ್ಷೆ ನೋಡಿ. ವಾಕ್ಸಹಾಚಿಯ ಎಲ್ಲಿಸ್ ಕೌಂಟಿ ಕೋರ್ಟ್‌ಹೌಸ್, 1895ರಿಂದ 1897. ನಕ್ಷೆ ಅಧಿಕ ಚಿಹ್ನೆಯ ಆಕಾರ. ಬಾಗಿಲುಗಳು ತೋಳುಗಳ ತುದಿಯಲ್ಲಿಲ್ಲ, ಎರಡು ತೋಳು ಸೇರುವ ಒಳಮೂಲೆಯಲ್ಲಿ, ನೆರಳಿನ ಜಗುಲಿಯ ಹಿಂದೆ. ತೋಳಿನ ಕಚೇರಿಗಳಿಗೆ ಎರಡು-ಮೂರು ಕಡೆ ಕಿಟಕಿ. ನಟ್ಟನಡುವೆ ಮೆಟ್ಟಿಲಿನ ತೆರೆದ ಬಾವಿ, ಅದರ ನೆತ್ತಿಯ ಮೇಲೆ ಗೋಪುರ. ಬಿಸಿಗಾಳಿ ಬಾವಿಯಲ್ಲಿ ಮೇಲೇರಿ ಗೋಪುರದ ಪಟ್ಟಿಕಿಂಡಿಗಳಿಂದ ಹೊರಹೋಗುತ್ತೆ, ಖಾಲಿಯಾದ ಜಾಗಕ್ಕೆ ಜಗುಲಿಯ ನೆರಳಿನ ತಂಪುಗಾಳಿ ಒಳಬರುತ್ತೆ. ಗಾರ್ಡನ್ ಟೆಕ್ಸಾಸಿನಲ್ಲಿ ರೂಪಿಸಿದ 18 ಕೋರ್ಟ್‌ಹೌಸ್‌ಗಳಲ್ಲಿ 12 ಇನ್ನೂ ಇವೆ. ಸಲ್ಫರ್ ಸ್ಪ್ರಿಂಗ್ಸ್, ಡಿಕೇಟರ್, ಗಿಡ್ಡಿಂಗ್ಸ್ ಊರಿನವು ಈ ಜಾತಿಯವೇ.

ಪಿಟ್ಸ್‌ಬರ್ಗಿನ ಅಲೆಗೆನಿ ಕೌಂಟಿ ಕೋರ್ಟ್‌ಹೌಸಿನಲ್ಲಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ಗೋಪುರವನ್ನು ಇನ್ನೊಂದು ರೀತಿ ದುಡಿಸಿಕೊಂಡರು. ಎತ್ತರದ ಮುಂಗೋಪುರದ ತಲೆಯಿಂದ ಗಾಳಿ ಒಳಗೆ, ಹಿಂದಿನ ಎರಡು ಗೋಪುರಗಳಿಂದ ಹೊರಗೆ. ಕೆಲಸ ಶುರುವಾದದ್ದು 1884ರಲ್ಲಿ, ಮುಗಿದದ್ದು 1888ರಲ್ಲಿ. ನಡುವೆ 1886ರಲ್ಲಿ ರಿಚರ್ಡ್‌ಸನ್ 47ನೇ ವಯಸ್ಸಿಗೆ ತೀರಿಕೊಂಡರು, ಉಳಿದದ್ದನ್ನು ಅವರ ಕಚೇರಿಯ ಶೆಪ್ಲಿ, ರೂಟನ್, ಕೂಲಿಜ್ ಮುಗಿಸಿದರು. ಬೀದಿಯಾಚೆಯ ಜೈಲಿಗೆ ಒಂದು ಕಲ್ಲಿನ ಕಮಾನು ಸೇತುವೆ ಇದೆ, ಕೈದಿಗಳನ್ನು ಬೀದಿಗೆ ಇಳಿಸದೆ ಕರೆದೊಯ್ಯೋಕೆ.

ಗಡಿಯಾರದ ಬಗ್ಗೆ ಎರಡೇ ಮಾತು. ನಾಲ್ಕು ಮುಖ ಇದ್ದರೂ ಯಂತ್ರ ಒಂದೇ. ಕೆಳಗಿನ ಕೋಣೆಯಿಂದ ಒಂದು ಸರಳು ಮೇಲೆ ಹೋಗಿ, ಓರೆಹಲ್ಲಿನ ಚಕ್ರಗಳಿಂದ ನಾಲ್ಕು ಕಡೆಗೆ ಕವಲೊಡೆಯುತ್ತೆ. ನಾಲ್ಕು ಮುಖ ನಾಲ್ಕು ಹೊತ್ತು ತೋರಿಸುತ್ತಿದ್ದರೆ ಯಂತ್ರ ಸರಿಯಾಗೇ ಇದೆ, ಜೋಡಣೆಯ ತಿರುಪು ಸಡಿಲವಾಗಿದೆ ಅಂತ ಅರ್ಥ. ಇಡೀ ಗಡಿಯಾರ ಚಳಿಗಾಲದಲ್ಲಿ ಮಾತ್ರ ನಿಲ್ಲುತ್ತಿದ್ದರೆ ಮುಳ್ಳಿನ ಮೇಲೆ ಒದ್ದೆ ಹಿಮ ಕೂತಿರುತ್ತೆ. ಭಾರದ ಗುಂಡುಗಳು ಇಳಿಯುವ ಕೊಳವೆಯ ತಳದಲ್ಲಿ ಮರಳಿನ ಪೆಟ್ಟಿಗೆ ಕಂಡರೆ ಬಿಸಾಡಬೇಡಿ. ಹಗ್ಗ ಹರಿದ ದಿನ ಕೆಳಗಿನ ಮಹಡಿಗಳನ್ನು ಉಳಿಸೋದು ಅದೇ.

ಗೋಪುರಗಳಿಗೆ ಆಯಸ್ಸು ಕಡಿಮೆ. ಡಲ್ಲಸ್ ಕೌಂಟಿಯ 1892ರ "ಓಲ್ಡ್ ರೆಡ್" ಕೋರ್ಟ್‌ಹೌಸ್ ತನ್ನ ಗಡಿಯಾರ ಗೋಪುರವನ್ನು 1919ರಲ್ಲೇ ಕಳಕೊಂಡಿತು. ಗಂಟೆಯ ಭಾರ ತಡೆಯದು ಅನ್ನೋ ಅನುಮಾನ. ಮತ್ತೆ ಕಟ್ಟಿ ಮುಗಿಸಿದ್ದು 2007ರಲ್ಲಿ.

ಚೌಕಾಬಾರ:

ಗಾಳಿಗೋಪುರ ಅವರೇ, ಒಂದು ಗೊಂದಲ. ಗಾರ್ಡನ್ ಗೋಪುರದಲ್ಲಿ ಗಾಳಿ ಹೊರಗೆ, ರಿಚರ್ಡ್‌ಸನ್ ಗೋಪುರದಲ್ಲಿ ಒಳಗೆ ಅಂದಿರಿ. ಬಿಸಿಗಾಳಿ ಮೇಲೇರೋದಾದರೆ ಪಿಟ್ಸ್‌ಬರ್ಗಿನಲ್ಲಿ ಕೆಳಗಿಳಿಯೋದು ಹೇಗೆ?

ಗಾಳಿಗೋಪುರ:

ತಾನಾಗಿ ಇಳಿಯಲ್ಲ, ಯಂತ್ರವಿಟ್ಟು ಎಳೆಯಬೇಕು. ಹಾಗೆ ಎಳೆಯೋಕೆ ಕಾರಣ ಆ ಊರಿನ ಹೊಗೆ. ಉಕ್ಕಿನ ಕುಲುಮೆ, ಕಲ್ಲಿದ್ದಲು. ಬೀದಿ ಮಟ್ಟದಲ್ಲಿ ಕಿಟಕಿ ತೆರೆದರೆ ಕಾಗದದ ಮೇಲೆ ಮಸಿ. ಅದಕ್ಕೇ ಇದ್ದುದರಲ್ಲಿ ಶುದ್ಧವಾದ ಗಾಳಿಯನ್ನು ಗೋಪುರದ ತುದಿಯಿಂದ ತಂದರು. ಕೋರ್ಟ್ ಹಾಲುಗಳಿಗೆ ಒಳಅಂಗಳದ ಕಡೆಯಿಂದಲೂ ಬೆಳಕು ಸಿಗುವ ಹಾಗೆ ಮಾಡಿದರು. ಟೆಕ್ಸಾಸಿನ ಕಷ್ಟ ಸೆಕೆ, ಪಿಟ್ಸ್‌ಬರ್ಗಿನ ಕಷ್ಟ ಮಸಿ.

ಇಟ್ಟಿಗೆಗೂಡು:

ಅಲೆಗೆನಿ ಬಗ್ಗೆ ಇನ್ನೊಂದು ಸೇರಿಸಬೇಕು, ಇಲ್ಲದಿದ್ದರೆ ಫೋಟೋ ನೋಡಿ ಮೋಸ ಹೋಗ್ತೀರಿ. ಈಗ ಗ್ರಾಂಟ್ ಸ್ಟ್ರೀಟಿನಿಂದ ನೋಡಿದರೆ ಮುಂಭಾಗದ ದೊಡ್ಡ ಕಮಾನುಗಳು ಆಳೆತ್ತರಕ್ಕೂ ಮೇಲೆ ತೂಗಾಡ್ತಾ ಇವೆ, ಜನ ಕೆಳಗಿನ ಬಾಗಿಲಿನಿಂದ ಒಳಹೋಗ್ತಾರೆ. ರಿಚರ್ಡ್‌ಸನ್ ಹಾಗೆ ಬರೆದಿರಲಿಲ್ಲ. 1910ರ ದಶಕದ ಆರಂಭದಲ್ಲಿ ನಗರದವರು ಗುಡ್ಡದ ದಿಬ್ಬ ಕಡಿದು ಬೀದಿಯನ್ನೇ ಕೆಳಗಿಳಿಸಿದರು. ನೆಲಮಾಳಿಗೆ ಬಯಲಿಗೆ ಬಂತು. ಬಾಗಿಲಿಗೆ ಮೆಟ್ಟಿಲು ಕಟ್ಟಿದರು, ಆಮೇಲೆ ಬೀದಿ ಅಗಲ ಮಾಡುವಾಗ ಮೆಟ್ಟಿಲನ್ನೂ ಕಿತ್ತರು. ಹಾಗಾಗಿ ಯಾವುದೇ ಕೋರ್ಟ್‌ಹೌಸಿನ "ವಿಚಿತ್ರ" ಪ್ರಮಾಣ ಕಂಡರೆ ವಾಸ್ತುಶಿಲ್ಪಿಯನ್ನು ಬೈಯೋಕೆ ಮುಂಚೆ ಬೀದಿಯ ಮಟ್ಟ ಬದಲಾಗಿದೆಯಾ ಅಂತ ನೋಡಿ.

ಗಾರೆಕರಣೆ:

ನಾಲ್ಕನೇ ಪ್ರಶ್ನೆಗೆ ಇನ್ನೂ ಯಾರೂ ಕೈಹಾಕಿಲ್ಲ. ಉತ್ತರ: ಬಹುಪಾಲು ಕೆಲಸದ ದೋಷ, ಸ್ವಲ್ಪ ಕಲ್ಲಿನದು, ಮತ್ತು ಎರಡಕ್ಕೂ ಮೂಲ ನೀರು.

ಕಲ್ಲಿನದ್ದು ಮೊದಲು. ಟೆಕ್ಸಾಸಿನ ಕೆಂಪು ಕಟ್ಟಡಗಳು ಹೆಚ್ಚಾಗಿ ಮರಳುಗಲ್ಲಿನವು. ಮರಳುಗಲ್ಲು ಪುಸ್ತಕದ ಹಾಳೆಗಳ ಹಾಗೆ ಪದರಪದರವಾಗಿ ಕೂತಿರುತ್ತೆ. ಗಣಿಯಲ್ಲಿ ಮಲಗಿದ್ದ ಹಾಗೇ ಗೋಡೆಯಲ್ಲೂ ಮಲಗಿಸಿದರೆ ಹೊರೆ ಹಾಳೆಗಳನ್ನು ಒತ್ತಿ ಹಿಡಿಯುತ್ತೆ. ಅಗಲವಾದ ಮುಖ ಸಿಗಲಿ ಅಂತ ನಿಲ್ಲಿಸಿ ಕೂರಿಸಿದರೆ ಹಾಳೆಗಳ ಹಿಂದೆ ನೀರು, ಉಪ್ಪು ಸೇರಿ ಒಂದೊಂದೇ ಕಳಚುತ್ತೆ. ಪತ್ತೆ ಹಚ್ಚೋದು ಸುಲಭ: ಅಕ್ಕಪಕ್ಕದ ಕಲ್ಲು ಚೆನ್ನಾಗಿದ್ದು ಅಲ್ಲೊಂದು ಇಲ್ಲೊಂದು ಮಾತ್ರ ಇಡೀ ಮುಖ ಸಮನಾಗಿ ಸುಲಿದಿದ್ದರೆ ಅದು ನಿಲ್ಲಿಸಿ ಕೂರಿಸಿದ ಕಲ್ಲು. ಅದಕ್ಕೆ ಕಲ್ಲು ಬದಲಿಸೋದೇ ಪರಿಹಾರ.

ಆದರೆ ಕಲ್ಲಿನ ಅಂಚುಗಳು, ಸಂದಿನ ಪಕ್ಕ, ಒಂದೇ ಸಾಲಾಗಿ ತಿಂದುಹೋಗಿ ನಡುವೆ ಗಾರೆ ಮಾತ್ರ ಏಣಿನ ಹಾಗೆ ಮುಂದೆ ಚಾಚಿ ನಿಂತಿದ್ದರೆ, ಯಾರೋ ಸಿಮೆಂಟಿನಲ್ಲಿ ಪಾಯಿಂಟಿಂಗ್ (ಸಂದುಗಳಿಗೆ ಹೊಸ ಗಾರೆ ತುಂಬೋದು) ಮಾಡಿದ್ದಾರೆ. ಹಳೇ ಗೋಡೆಗಳು ಸುಣ್ಣದ ಗಾರೆಯವು. ಸುಣ್ಣದ ಗಾರೆ ಕಲ್ಲಿಗಿಂತ ಮೆತ್ತಗೆ, ಉಸಿರಾಡುತ್ತೆ. ಗೋಡೆಗೆ ಸೇರಿದ ತೇವ ಸಂದಿನಿಂದ ಆರಿಹೋಗುತ್ತೆ, ಬಿಸಿಲಿಗೆ ಕಲ್ಲು ಹಿಗ್ಗಿದರೆ ಗಾರೆ ನಲುಗಿ ಜಾಗ ಕೊಡುತ್ತೆ. ಸಿಮೆಂಟು ಎರಡನ್ನೂ ಮಾಡಲ್ಲ. ತೇವ ಕಲ್ಲಿನ ಮೂಲಕವೇ ಹೊರಬರಬೇಕು, ಉಪ್ಪನ್ನು ಕಲ್ಲಿನ ಚರ್ಮದ ಹಿಂದೆ ಬಿಡುತ್ತೆ, ಹಿಮ ಬೀಳುವ ಕಡೆ ಅದೇ ನೀರು ಹೆಪ್ಪುಗಟ್ಟಿ ಚರ್ಮವನ್ನು ತಳ್ಳುತ್ತೆ. ಸಂದು ಸವೆದರೆ ಮತ್ತೆ ತುಂಬಬಹುದು, ಕಲ್ಲು ಸವೆದರೆ ತುಂಬೋಕಾಗಲ್ಲ. ಮೆತ್ತಗಿನದ್ದು ಸವೆಯಬೇಕು, ಅದಕ್ಕೇ ಅದನ್ನಿಟ್ಟಿರೋದು.

ಅಮೆರಿಕದಲ್ಲಿ ಗಾರೆಗೆ ಅಕ್ಷರದ ದರ್ಜೆಗಳಿವೆ. ಎಂ ದರ್ಜೆ ಚದರಿಂಚಿಗೆ 2,500 ಪೌಂಡ್ ಒತ್ತಡ ತಾಳುತ್ತೆ, ಎಸ್ 1,800, ಎನ್ 750, ಓ 350. ಓ ಅಂದರೆ 1 ಸಿಮೆಂಟು, 2 ಸುಣ್ಣ, 9 ಮರಳು. ಹಳೇ ಮರಳುಗಲ್ಲು, ಮೆತ್ತಗೆ ಸುಟ್ಟ ಇಟ್ಟಿಗೆಗೆ ಓ ದರ್ಜೆಯೇ ಗಟ್ಟಿ ಅನಿಸಬಹುದು. ಬರೀ ಸುಣ್ಣ 1, ಮರಳು 3ರ ಹತ್ತಿರಕ್ಕೆ ಹೋಗಬೇಕಾಗುತ್ತೆ. ಕಣ್ಣಂದಾಜು ಬೇಡ. ಸಿಮೆಂಟ್ ಮೆತ್ತದ ಜಾಗದಿಂದ, ಒಳಗಿನ ಹಳೇ ಗಾರೆಯ ಚೂರು ತೆಗೆದು ಲ್ಯಾಬಿಗೆ ಕೊಡಿ. ಆಸಿಡ್‌ನಲ್ಲಿ ಸುಣ್ಣ ಕರಗಿ ಉಳಿದ ಮರಳನ್ನು ಜರಡಿ ಹಿಡಿದರೆ ಕಾಳಿನ ಗಾತ್ರ, ಬಣ್ಣ ಎರಡೂ ಸಿಗುತ್ತೆ. ಗೋಡೆಯ ಬಣ್ಣ ಹೊಂದೋದು ಮರಳಿನಿಂದ, ಬಣ್ಣದ ಪುಡಿಯಿಂದ ಅಲ್ಲ.

ಕೆಲಸದ ಕ್ರಮ ಹೀಗೆ. ಹಳೇ ಗಾರೆಯನ್ನು ಸಂದಿನ ಅಗಲದ ಎರಡರಿಂದ ಎರಡೂವರೆ ಪಟ್ಟು ಆಳಕ್ಕೆ ಕೆರೆಯಬೇಕು. 10 ಮಿಲಿಮೀಟರ್ ಸಂದಾದರೆ 20ರಿಂದ 25 ಮಿಲಿಮೀಟರ್. ಬರೀ ತುಟಿಗೆ ಮೆತ್ತಿದ್ದು ಎರಡು ಚಳಿಗಾಲದಲ್ಲಿ ಉದುರುತ್ತೆ. 3 ಮಿಲಿಮೀಟರಿನ ಕಿರುಸಂದುಗಳಿಗೆ ಗ್ರೈಂಡರ್ ಮುಟ್ಟಿಸಲೇಬಾರದು, ಚಕ್ರ ಸಂದಿಗಿಂತ ದಪ್ಪ. ನಿಂತ ಸಂದುಗಳಲ್ಲಿ ಚಕ್ರ ಮೇಲಿನ-ಕೆಳಗಿನ ಕಲ್ಲಿಗೂ ಗೀರು ಹಾಕುತ್ತೆ. ಆ ಗೀರು ಮತ್ತೆ ಮಾಸಲ್ಲ. ಉಳಿ, ಸುತ್ತಿಗೆಯೇ ಸರಿ. ಆಮೇಲೆ ದೂಳು ತೊಳೆದು, ಕಲ್ಲು ತೇವವಾಗಿ ಇರಬೇಕು, ಆದರೆ ನೀರು ಹೊಳೆಯಬಾರದು. ಮೊದಲು ಆಳದ ಗುಂಡಿಗಳನ್ನು ತುಂಬಿ, ನಂತರ 6 ಮಿಲಿಮೀಟರಿನ ಪದರಗಳಲ್ಲಿ ಒತ್ತಿ ತುಂಬುತ್ತಾ ಬರಬೇಕು. ಹೆಬ್ಬೆಟ್ಟು ಒತ್ತಿದರೆ ಗುರುತು ಮೂಡುವಷ್ಟು ಗಟ್ಟಿಯಾದ ಮೇಲೆ ಮುಂದಿನ ಪದರ. ಒಂದೇ ಸಲಕ್ಕೆ ತುಂಬಿದರೆ ಒಣಗುತ್ತಾ ಕುಗ್ಗಿ ಎರಡೂ ಅಂಚಿನಲ್ಲಿ ಕೂದಲೆಳೆ ಬಿರುಕು ಬಿಡುತ್ತೆ, ನೀರಿಗೆ ಅಷ್ಟು ಸಾಕು. ಕಲ್ಲಿನ ಅಂಚು ಸವೆದು ದುಂಡಗಾಗಿದ್ದರೆ ಗಾರೆಯನ್ನು ತುಸು ಒಳಗೇ ನಿಲ್ಲಿಸಬೇಕು. ಮೇಲಿನವರೆಗೆ ತಂದರೆ ಸಂದು ಅಗಲವಾಗಿ ಕಾಣುತ್ತೆ, ತೆಳುವಾದ ಅಂಚು ಮುರಿಯುತ್ತೆ. ಒದ್ದೆ ಗೋಣಿತಾಟು ಇಳಿಬಿಟ್ಟು ಕೆಲವು ದಿನ ತೇವ ಕಾಯಬೇಕು. 4 ಡಿಗ್ರಿಗಿಂತ ಕೆಳಗೆ, 35 ಡಿಗ್ರಿಗಿಂತ ಮೇಲೆ ಕೆಲಸ ಬೇಡ.

ಇಷ್ಟೆಲ್ಲ ಮಾಡೋಕೆ ಮುಂಚೆ ಅಟ್ಟ ಹತ್ತಿ. ಈ ಕಟ್ಟಡಗಳಲ್ಲಿ ಮಳೆನೀರಿನ ದೋಣಿ ಸೂರಿನಂಚಿಗೆ ನೇತಾಡಲ್ಲ, ಸೂರಂಚಿನ ಅಲಂಕಾರಪಟ್ಟಿಯ ಒಳಗೆ ಬಚ್ಚಿಟ್ಟಿರುತ್ತಾರೆ, ತಗಡಿನ ಅಸ್ತರಿ ಹಾಕಿ. ಅಸ್ತರಿ ತೂತಾದರೆ ನೀರು ಹೊರಗೆ ಸುರಿಯಲ್ಲ, ನೇರ ಗೋಡೆಯ ಹೊಟ್ಟೆಗೆ. ಹೊರಗಿಂದ ಕಾಣೋದು ಮೇಲಿನ ಕೆಲವು ಸಾಲಿನ ಕಲ್ಲು ಸುಲಿದದ್ದು, ಬಿಳಿ ಉಪ್ಪು ಹೂವಾದದ್ದು ಮಾತ್ರ. ಅದನ್ನು ನೋಡಿ ಪಾಯಿಂಟಿಂಗ್ ಮಾಡಿಸಿ, ಮೇಲೆ ನೀರು ತಡೆಯುವ ಬಣ್ಣ ಹೊಡೆಸಿದರೆ ಒಳಗಿನ ನೀರಿಗೆ ಹೊರಬರುವ ದಾರಿಯನ್ನೂ ಮುಚ್ಚಿದ ಹಾಗಾಯಿತು. ನೀವು ಕೇಳಿದ ಹತ್ತಿಪ್ಪತ್ತು ವರ್ಷದ ಹಪ್ಪಳ ಇದೇ. ಮರಳು ಊದಿ ತೊಳೆಯೋದಂತೂ ಬೇಡವೇ ಬೇಡ, ಕಲ್ಲಿನ ಗಟ್ಟಿ ಹೊರಚರ್ಮವೇ ಹೋಗುತ್ತೆ.

ಇನ್ನೊಂದು, ಮೇಲಿನದೆಲ್ಲ ಕಲ್ಲು ಅಂದುಕೊಳ್ಳಬೇಡಿ. ಸೂರಂಚಿನ ಪಟ್ಟಿ, ಗುಮ್ಮಟ, ನ್ಯಾಯದೇವತೆಯ ಪ್ರತಿಮೆ ಎಷ್ಟೋ ಕಡೆ ಅಚ್ಚೊತ್ತಿದ ತಗಡು. ಒದ್ದೆ ಬಣ್ಣದ ಮೇಲೆ ಮರಳು ಎರಚಿ ಕಲ್ಲಿನ ಹಾಗೆ ಮಾಡಿರುತ್ತಾರೆ. ಒಹಾಯೊದ ಸೇಲಂನ ಮಲ್ಲಿನ್ಸ್ ಕಂಪನಿ ಇಂಥ ತಗಡಿನ ಪ್ರತಿಮೆಗಳಿಗೆ ಹೆಸರಾಗಿತ್ತು. ಅಯಸ್ಕಾಂತ ಹಿಡಿದರೆ ಅಂಟಿದರೆ ಸತು ಲೇಪದ ಕಬ್ಬಿಣ, ಅಂಟದೆ ಬೆರಳಿಗೆ ಟಣ್ ಅಂದರೆ ತಾಮ್ರ ಇಲ್ಲವೇ ಸತು. ಒಳಗಿನ ಕಬ್ಬಿಣದ ಅಸ್ಥಿಪಂಜರಕ್ಕೂ ಹೊರಗಿನ ತಾಮ್ರಕ್ಕೂ ನೇರ ಸ್ಪರ್ಶ ಇದ್ದು ಮಳೆನೀರು ಸೇರಿದರೆ ಕಬ್ಬಿಣ ಬೇಗ ತಿಂದುಹೋಗುತ್ತೆ. ಪ್ರತಿಮೆ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಕಾಲೇ ಇರಲ್ಲ!

ಚೌಕಾಬಾರ:

ಎಲ್ಲರಿಗೂ ಧನ್ಯವಾದ. ಕೊನೆಗೆ ಎರಡು ಸಣ್ಣ ಪ್ರಶ್ನೆ. ಒಂದೇ ಕಟ್ಟಡಕ್ಕೆ ಒಬ್ಬೊಬ್ಬರು ಒಂದೊಂದು ವರ್ಷ ಕೊಡ್ತಾರೆ, ನಿಜವಾದ ವರ್ಷ ಹುಡುಕೋದು ಹೇಗೆ? ಮತ್ತೆ, ಗೋಪುರದ ತುದಿಯಲ್ಲಿ ಮರ ಬೆಳೆದಿರುವ ಕೋರ್ಟ್‌ಹೌಸಿನ ಫೋಟೋ ನಿಜವಾ?

ಹಳೇಕಡತ:

ಮೂರು ವರ್ಷಗಳೂ ನಿಜವೇ ಇರುತ್ತವೆ: ಕರಾರು ಆದ ವರ್ಷ, ಅಡಿಗಲ್ಲು ಇಟ್ಟ ವರ್ಷ, ಕೌಂಟಿ ಕಟ್ಟಡವನ್ನು ಒಪ್ಪಿಕೊಂಡ ವರ್ಷ. ಮೂರನ್ನೂ ತಿಳಿಯೋಕೆ ಕೌಂಟಿ ಕಮಿಷನರುಗಳ ನಡಾವಳಿ ಪುಸ್ತಕವೇ ಮೂಲ. ಯಾರಿಗೆ ಎಷ್ಟು ಪಾವತಿ, ನಡುವೆ ಏನು ಬದಲಾಯಿಸಿದರು ಎಲ್ಲ ಅಲ್ಲಿರುತ್ತೆ. ಪಾವತಿ ಎಷ್ಟು ಮುಖ್ಯ ಅಂದರೆ, ನ್ಯೂಯಾರ್ಕಿನಲ್ಲಿ 1861ರಲ್ಲಿ ಶುರುವಾದ ಕೌಂಟಿ ಕೋರ್ಟ್‌ಹೌಸಿನ ಬಿಲ್ಲುಗಳು 1871ರಲ್ಲಿ ಹೊರಬಿದ್ದು ಆ ನಗರದ ಭ್ರಷ್ಟ ರಾಜಕೀಯ ಧಣಿ ಬಾಸ್ ಟ್ವೀಡ್ ಬಣ್ಣ ಬಯಲಾಯಿತು. 1873ರಲ್ಲಿ ಆತನ ವಿಚಾರಣೆ ನಡೆದದ್ದು ಇನ್ನೂ ಮುಗಿಯದ ಅದೇ ಕಟ್ಟಡದಲ್ಲಿ.

ಅಡಿಗಲ್ಲಿನ ಮೇಲೆ "ಎ.ಎಲ್. 5895" ಅಂತ ಇದ್ದರೆ ಗಾಬರಿ ಬೇಡ, ಅದು ಫ್ರೀಮೇಸನ್ ಅನ್ನೋ ಸೋದರ ಸಂಘದವರ ಕಾಲಗಣನೆ. 4000 ಕಳೆಯಿರಿ, 1895. ಟೆಕ್ಸಾಸಾದರೆ 1881 ನೆನಪಿಡಿ. ಕೋರ್ಟ್ ಕಟ್ಟೋಕೆ ಬಾಂಡ್ ಮೂಲಕ ಸಾಲ ಎತ್ತಬಹುದು ಅಂತ ಕಾನೂನು ಬಂದ ವರ್ಷ. ದೊಡ್ಡ ಕಲ್ಲಿನ ಕಟ್ಟಡಗಳ ಸುಗ್ಗಿ ಅದರ ನಂತರದ್ದು.

ಬದಲಾವಣೆ ಪತ್ತೆಗೆ ಸ್ಯಾನ್‌ಬೋರ್ನ್ ಬೆಂಕಿವಿಮೆ ನಕ್ಷೆಗಳಷ್ಟು ಒಳ್ಳೇದು ಬೇರೆ ಇಲ್ಲ. ಇಂಚಿಗೆ 50 ಅಡಿ. ಗುಲಾಬಿ ಬಣ್ಣ ಇಟ್ಟಿಗೆ, ಹಳದಿ ಮರ, ನೀಲಿ ಕಲ್ಲು. ಬೇರೆಬೇರೆ ವರ್ಷದ ಹಾಳೆ ಪಕ್ಕಪಕ್ಕ ಇಟ್ಟರೆ ಯಾವ ರೆಕ್ಕೆ ಯಾವಾಗ ಬಂತು ಅಂತ ತಿಳಿಯುತ್ತೆ. ಒಂದೇ ಎಚ್ಚರ: ಕಂಪನಿಯವರು ಹಳೇ ಹಾಳೆಯ ಮೇಲೇ ತಿದ್ದುಪಡಿ ಚೀಟಿ ಅಂಟಿಸುತ್ತಿದ್ದರು. ಮುಖಪುಟದಲ್ಲಿ ಅಚ್ಚಾದ ವರ್ಷ ಒಂದು, ಚೀಟಿಯ ಕಟ್ಟಡ ಇನ್ನೊಂದು ವರ್ಷದ್ದು ಆಗಿರಬಹುದು. ಫೋಟೋ ಬೇಕಾದರೆ 1974ರಿಂದ 1976ರಲ್ಲಿ ಸೀಗ್ರಂ ಕಂಪನಿ ಮಾಡಿಸಿದ ಕೌಂಟಿ ಕೋರ್ಟ್‌ಹೌಸ್ ಸಂಗ್ರಹ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ, ಸಾವಿರಕ್ಕೂ ಹೆಚ್ಚು ಕಟ್ಟಡ. ಆಮೇಲೆ ಸುಟ್ಟದ್ದು, ಕೆಡವಿದ್ದು ಅದರಲ್ಲಿ ಮೊದಲಿನ ರೂಪದಲ್ಲೇ ಸಿಗುತ್ತವೆ. ಟೆಕ್ಸಾಸಿನ ಹಿಲ್ ಕೌಂಟಿಯದ್ದು 1993ರ ಜನವರಿ 1ರಂದು ಸುಟ್ಟು, 1999ರ ಹೊತ್ತಿಗೆ ಮತ್ತೆ ನಿಂತಿತು. ಅಂಥ ಕೆಲಸಕ್ಕೆ ಹಳೇ ಫೋಟೋನೇ ಆಧಾರ.

ಗಾರೆಕರಣೆ:

ಮರದ ಫೋಟೋ ನಿಜ. ಇಂಡಿಯಾನಾದ ಗ್ರೀನ್ಸ್‌ಬರ್ಗ್, ಡಿಕೇಟರ್ ಕೌಂಟಿ. 1870ರ ದಶಕದಿಂದ ಆ ಗೋಪುರದ ಮೇಲೆ ಒಂದಲ್ಲ ಒಂದು ಮರ ಇದ್ದೇ ಇದೆ, ಊರಿಗೇ ಅದು ಲಾಂಛನ. ಆ ಊರಿನವರಿಗೆ ಅದನ್ನು ಕಾಯುವ ಹಟವಿದೆ, ಇರಲಿ.

ಬೇರೆ ಕಟ್ಟಡದಲ್ಲಿ ಸಸಿ ಕಂಡರೆ ಹಿಡಿದು ಎಳೆಯಬೇಡಿ. ಬೇರಿನ ಜೊತೆ ಕಲ್ಲೂ ಬರುತ್ತೆ. ಬುಡಕ್ಕೆ ಸಮನಾಗಿ ಕತ್ತರಿಸಿ, ಹಸಿ ಗಾಯಕ್ಕೆ ಆಗಲೇ ಕಳೆನಾಶಕ ಕುಂಚದಲ್ಲಿ ಬಳಿದು ಬಿಡಿ. ಕಲ್ಲಿಗೆ ತಾಗದ ಹಾಗೆ. ಬೇರು ಪೂರ್ತಿ ಸತ್ತು ಒಣಗೋಕೆ ತಿಂಗಳುಗಳೇ ಬೇಕು. ಆಮೇಲೆ ಆ ಸಂದುಗಳನ್ನು ಕೆರೆದು, ಸಡಿಲವಾದ ಬೇರು ತೆಗೆದು, ಸುಣ್ಣದ ಗಾರೆ ತುಂಬಿ. ಸಸಿ ಹುಟ್ಟಿದ ಜಾಗದ ಮೇಲೆ ನೋಡಿ, ಮಳೆನೀರಿನ ದೋಣಿಯ ಕೀಲು ಅಲ್ಲೇ ಬಿಟ್ಟಿರುತ್ತೆ.